ಕ್ಯಾನಿಗೆ ಬೆರೆಸಿದ ನೀರು

ಹಾಲಿಗೆ ನೀರು ಬೆರೆಸುವವರಿಗೆ ಜವರಮ್ಮನನ್ನು ಕಂಡರೆ ಎದೆ ಡವಡವ ಎನ್ನುತ್ತಿತ್ತು. ಊರಿನ ಡೈರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ ಅವಳದು. ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರ್ ಇಳಿಸುವ ಮೊದಲೇ, ಕ್ಯಾನಿನೊಳಗೆ ಒಮ್ಮೆ ಇಣುಕಿ ನೀರು ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಒಂಟಿ ಹಸುವಿನ ಮುದುಕ ಕೆಂಚಪ್ಪ ಸಿಕ್ಕಿಬಿದ್ದ.

"ಹಸ ಒದ್ದು ಒಸಿ ಚೆಲ್ಲೋಯ್ತು ಕಣವ್ವ. ಅಳತೆ ಕಮ್ಮಿ ಆಯ್ತದಲ್ಲಾ ಅಂತ..." ಎಂದು ಗೊಣಗಿದ.

"ಚೆಲ್ಲಿದ್ದು ತಪ್ಪಲ್ಲ ಕೆಂಚಣ್ಣ, ತುಂಬ್ಸಿದ್ದು ತಪ್ಪು!" ಎಂದು ಜವರಮ್ಮ ಸಾಲಿಗೆಲ್ಲ ಕೇಳುವಂತೆ ಹೇಳಿ ನಕ್ಕಳು. ಸಾಲಿನಲ್ಲಿದ್ದವರೂ ನಕ್ಕರು. ಮುದುಕ ವಾಪಸಾದ ಹಾಲು ಹೊತ್ತು, ತಲೆ ತಗ್ಗಿಸಿಕೊಂಡು ಮನೆಗೆ ಹೋದ.

ಇಷ್ಟು ಖಡಕ್ಕಾದ ಹೆಂಗಸಿಗೂ ಒಂದು ದಿನ ಪರೀಕ್ಷೆ ಬಂತು.

ಅವಳ ತಮ್ಮ ನಂಜುಂಡನ ಎರಡು ಕಿಡ್ನಿಯೂ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೂಜಿ ಚುಚ್ಚುವ ಕೈಯ ನರ ಆಗಲೇ ಎರಡು ಸಲ ಕಟ್ಟಿಕೊಂಡಿತ್ತು. ಅಪ್ಪ ಅಮ್ಮ ಇಲ್ಲ, ಹೆಂಡತಿಗೆ ಸಕ್ಕರೆ ಕಾಯಿಲೆ. ಕಿಡ್ನಿ ಕೊಡಲು ಉಳಿದವಳು ಅಕ್ಕ ಒಬ್ಬಳೇ. ಅವಳ ರಕ್ತದ ಗುಂಪು ಕೂಡಿತು. ಇನ್ನು ಒಂದು ಪರೀಕ್ಷೆ ಬಾಕಿಯಿತ್ತು.

ನರ್ಸ್ ಅವಳ ಕೈಗೆ ದೊಡ್ಡ ಪ್ಲಾಸ್ಟಿಕ್ ಕ್ಯಾನ್ ಕೊಟ್ಟು ಹೇಳಿದಳು: "ಬೆಳಿಗ್ಗೆ ಆರಕ್ಕೆ ಎದ್ದು ಮೊದಲು ಹೋಗಿದ್ದು ಬೇಡ, ಚೆಲ್ಲಿಬಿಡಿ. ಆಮೇಲಿಂದ ಮಾರನೇ ದಿನ ಆರರವರೆಗಿನ ಮೂತ್ರ ಎಲ್ಲವೂ ಇದರಲ್ಲಿ ಇರಬೇಕು. ಒಂದು ಸಲ ತಪ್ಪಿದರೂ ಹೊಸದಾಗಿ ಶುರು ಮಾಡಿ."

ಜವರಮ್ಮ ಗುರುವಾರ ಬೆಳಿಗ್ಗೆ ಶುರು ಮಾಡಿದಳು. ಕಿಡ್ನಿ ಕೊಡುವುದಕ್ಕೆ ಒಪ್ಪಿಗೆ ನೀಡುವ, ತಿಂಗಳಿಗೊಮ್ಮೆ ಸೇರುವ ಆಸ್ಪತ್ರೆಯ ಸಮಿತಿ ಶುಕ್ರವಾರ ಕೂಡುತ್ತಿತ್ತು. ಅಂದು ಒಪ್ಪಿಗೆ ಸಿಗದಿದ್ದರೆ ಮುಂದಿನ ತಿಂಗಳೇ ಗತಿ. ತಮ್ಮ ಅಷ್ಟು ದಿನ ತಾಳುತ್ತಾನೆಯೇ ಎಂಬುದೇ ಅವಳ ದಿಗಿಲು.

ಸಂಜೆ ಡೈರಿಗೆ ಹೊರಡುವ ಗಡಿಬಿಡಿ. ಒದ್ದೆ ಕೈಯಲ್ಲಿ ಕ್ಯಾನ್ ಎತ್ತಿದಳು, ಜಾರಿತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಎತ್ತಿ ನಿಲ್ಲಿಸುವಷ್ಟರಲ್ಲಿ ಬಚ್ಚಲ ತೂಬಿನಲ್ಲಿ ಬಹಳಷ್ಟು ಹರಿದುಹೋಗಿತ್ತು.

ನಾಳೆ ಹೊಸದಾಗಿ ಶುರು ಮಾಡಿದರೆ ಸಮಿತಿ ತಪ್ಪುತ್ತದೆ. ಮೊದಲು ಎಲ್ಲಿಯವರೆಗೆ ತುಂಬಿತ್ತು ಎಂಬುದು ಅವಳ ಕಣ್ಣಲ್ಲೇ ಇತ್ತು. ಅತ್ತ ಇತ್ತ ನೋಡಿ, ಚೊಂಬಿನಿಂದ ನೀರು ಸುರಿದು ಅದೇ ಗೆರೆಗೆ ಸರಿಮಾಡಿದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಕ್ಯಾನ್ ಒಪ್ಪಿಸಿದಳು. ಮಧ್ಯಾಹ್ನ ಡಾಕ್ಟರ್ ವಾರಿಜಾ ಅಕ್ಕ ತಮ್ಮ ಇಬ್ಬರನ್ನೂ ಒಳಗೆ ಕರೆದರು. ಕಾಗದವನ್ನು ಎರಡೆರಡು ಸಲ ನೋಡಿದರು.

"ಮೈಯೊಳಗೆ ಕ್ರಿಯಾಟಿನಿನ್ ಅನ್ನೋ ಕಸ ದಿನವೂ ಹೆಚ್ಚುಕಮ್ಮಿ ಒಂದೇ ಸಮ ಹುಟ್ಟುತ್ತಮ್ಮ. ಕಿಡ್ನಿ ಅದನ್ನ ಸೋಸಿ ಹೊರಗೆ ಹಾಕುತ್ತೆ. ರಕ್ತದಲ್ಲಿ ಎಷ್ಟು ಉಳಿದಿದೆ, ಇಡೀ ದಿನದ ಮೂತ್ರದಲ್ಲಿ ಎಷ್ಟು ಬಂದಿದೆ ಅಂತ ನೋಡಿದರೆ ಕಿಡ್ನಿಯ ಶಕ್ತಿ ತಿಳಿಯುತ್ತೆ. ನಮ್ಮಲ್ಲಿ ಕಿಡ್ನಿ ಕೊಡುವವರಿಗೆ ಆ ಲೆಕ್ಕ ತೊಂಬತ್ತಾದರೂ ಬರಬೇಕು. ನಿಮಗೆ ಅರವತ್ನಾಲ್ಕು ಬಂದಿದೆ."

ಡಾಕ್ಟರ್ ಕಾಗದವನ್ನು ಅವಳತ್ತ ತಿರುಗಿಸಿದರು.

"ರಕ್ತ ನೋಡಿದರೆ ಚೆನ್ನಾಗಿದೆ. ಮೂತ್ರದಲ್ಲಿ ಮಾತ್ರ ಕಡಿಮೆ ಬಂದಿದೆ. ಎಲ್ಲವನ್ನೂ ಹಿಡಿದಿರಿ ತಾನೇ? ಏನೂ ತಪ್ಪಿಲ್ಲವಾ?"

ನಿಜ ಹೇಳಿದರೆ ಸುಳ್ಳುಗಾರ್ತಿಯ ಕಿಡ್ನಿ ಬೇಡ ಎಂದುಬಿಟ್ಟರೆ? "ಎಲ್ಲಾನೂ ಹಿಡ್ದಿವ್ನಿ ಡಾಕ್ಟ್ರಮ್ಮ," ಎಂದಳು.

ಡಾಕ್ಟರ್ ನಿಟ್ಟುಸಿರು ಬಿಟ್ಟು ಫೈಲ್ ಮುಚ್ಚಿದರು. "ಹಾಗಿದ್ದರೆ ನಿಮ್ಮದನ್ನ ತಗೊಳ್ಳೋಕೆ ಆಗಲ್ಲಮ್ಮ."

ನಂಜುಂಡ ಬಾತುಕೊಂಡ ಮುಖ ಎತ್ತಿ ನಗಲು ನೋಡಿದ. "ಬುಡಕ್ಕ. ನೀನಾರಾ ಚೆನ್ನಾಗಿರು."

ಆ ಮಾತು ಅವಳ ಕರುಳಿಗೇ ತಾಗಿತು. "ಸುಳ್ಳು ಡಾಕ್ಟ್ರಮ್ಮ!" ಎಂದು ಕೂಗಿಯೇಬಿಟ್ಟಳು. "ಕ್ಯಾನು ಜಾರಿ ಚೆಲ್ಲೋಯ್ತು. ಅಳತೆ ಕಮ್ಮಿ ಆಯ್ತದೆ ಅಂತ ನೀರು ಹುಯ್ದೆ."

ಹೇಳಿದ ಮೇಲೆ ಅವಳಿಗೇ ತನ್ನ ಮಾತು ಕೇಳಿಸಿತು. ಕೆಂಚಪ್ಪ ಡೈರಿಯಲ್ಲಿ ಆಡಿದ್ದೂ ಇದೇ ಮಾತು.

ಡಾಕ್ಟರಿಗೆ ಸಿಟ್ಟು ಬಂತು. "ನೀರು ಸುರಿದರೆ ಅಳತೆ ತುಂಬುತ್ತಮ್ಮ, ಚೆಲ್ಲಿಹೋದ ಕಸ ವಾಪಸ್ ಬರುತ್ತಾ? ಗಟ್ಟಿಯಾಗಿರೋ ಕಿಡ್ನಿಯನ್ನ ನೀವೇ ಸೋಲಿಸಿದಿರಿ. ಬಾಯಿ ಮುಚ್ಚಿಕೊಂಡು ಹೋಗಿದ್ದರೆ ನಿಮ್ಮ ತಮ್ಮನಿಗೆ ಯಾರು ಗತಿ?" ಆಮೇಲೆ ದನಿ ತಗ್ಗಿಸಿ, "ಮತ್ತೆ ಹಿಡಿದು ತನ್ನಿ. ಚೆಲ್ಲಿತು ಅಂತ ನಿನ್ನೆಯೇ ಹೇಳಿದ್ದರೆ ಸಮಿತಿಯನ್ನ ಎರಡು ದಿನ ಮುಂದಕ್ಕೆ ಹಾಕಿಸುತ್ತಿದ್ದೆ. ಈಗ ಈ ತಿಂಗಳ ಸಮಿತಿ ಕೈಬಿಟ್ಟು ಹೋಯ್ತು," ಎಂದರು.

ಆ ಸುಳ್ಳಿಗೆ ಬೆಲೆ ತೆತ್ತವನು ನಂಜುಂಡ. ಆ ತಿಂಗಳಲ್ಲಿ ಒಮ್ಮೆ ಉಸಿರು ಕಟ್ಟಿ ಅವನು ನಾಲ್ಕು ದಿನ ಐಸಿಯುವಿನಲ್ಲಿದ್ದ. ಆ ನಾಲ್ಕು ದಿನವೂ ಜವರಮ್ಮ ಬಾಗಿಲ ಹೊರಗೆ ಕೂತು, ಚೊಂಬು ಹಿಡಿದ ತನ್ನ ಕೈಯನ್ನು ಶಪಿಸಿದಳು.

ಎರಡನೇ ಸಲ ಅವಳು ಒಂದು ಸಲವೂ ತಪ್ಪಬಾರದೆಂದು ಕ್ಯಾನನ್ನು ಡೈರಿಗೇ ಒಯ್ದು, ಯಾರು ಕೇಳಿದರೂ ನಾಚದೆ ಇಂಥದ್ದು ಎಂದು ಹೇಳಿದಳು. ತೊಂಬತ್ತಾರು ಬಂತು. ಸಮಿತಿ ಒಪ್ಪಿತು.

ಆಪರೇಷನ್ನಿಗೆ ಹೊರಡುವ ಮುನ್ನ ಜವರಮ್ಮ ಕೆಂಚಪ್ಪನ ಮನೆಗೆ ಹೋದಳು. "ಅವತ್ತು ನಿನ್ನ ಹಾಲು ವಾಪಸ್ ಕಳ್ಸಿದ್ದು ಸರಿನೇ ಕೆಂಚಣ್ಣ. ನಕ್ಕಿದ್ದು ಮಾತ್ರ ತಪ್ಪಾಯ್ತು," ಎಂದಳು. ಮುದುಕ ಅವಳಿಗೆ ಒಂದು ಲೋಟ ಹಾಲು ಕೊಟ್ಟ.

ಆಪರೇಷನ್ ಆದ ಮೂರನೇ ದಿನ ಜವರಮ್ಮನನ್ನು ಗಾಲಿಕುರ್ಚಿಯಲ್ಲಿ ತಮ್ಮನ ಬಳಿಗೆ ಕರೆತಂದರು. ಅವನ ಮಂಚದ ಬದಿಗೆ ಮೂತ್ರದ ಚೀಲ ತೂಗುತ್ತಿತ್ತು. ಅವಳ ಕಣ್ಣು ಅಭ್ಯಾಸಬಲದಿಂದ ಅದರ ಗೆರೆಯ ಮೇಲೆ ಹೋಯಿತು. ಅರ್ಧಕ್ಕೂ ಮೇಲೆ ತುಂಬಿತ್ತು.

"ನೋಡ್ಕಳಕ್ಕ, ಒಂದು ತೊಟ್ಟೂ ನೀರು ಬೆರ್ಸಿಲ್ಲ," ಎಂದ ನಂಜುಂಡ.

ಜವರಮ್ಮ ನಗುತ್ತಲೇ ಅತ್ತುಬಿಟ್ಟಳು.

ನೀತಿ: ತಪ್ಪಾದರೆ ತಪ್ಪಾಯಿತು ಎಂದು ಹೇಳಿ ಮತ್ತೆ ಶುರು ಮಾಡಿ. ಮುಚ್ಚಿಟ್ಟ ತಪ್ಪು ನಮ್ಮಲ್ಲಿರುವ ಒಳ್ಳೆಯದನ್ನೂ ಕೆಟ್ಟದ್ದೆಂದು ತೋರಿಸುತ್ತದೆ. ಇನ್ನೊಬ್ಬರ ತಪ್ಪನ್ನು ತೋರಿಸುವಾಗ ನಗಬೇಡಿ, ನಾಳೆ ಅದೇ ತಪ್ಪು ನಮ್ಮ ಕೈಯಿಂದಲೂ ಆಗಬಹುದು.