ಹಿಂದಕ್ಕೆ ನಡೆಯುವ ಪ್ರಜೆ

ಬಿಳಿಕಲ್ಲುದುರ್ಗದ ದೊರೆ ಕದರಪ್ಪನಾಯಕ ಮೀಸೆ ತಿರುವಿ ಹೇಳುತ್ತಿದ್ದ ಮಾತು ಒಂದೇ: "ಈ ಭೂಮಿ ಮೇಲೆ ನನಗೆ ಬೆನ್ನು ತೋರಿಸಿ ನಡೆದವನು ಒಬ್ಬನೂ ಇಲ್ಲ."

ಅವನ ಚಾವಡಿಯ ರಿವಾಜು ಹಾಗಿತ್ತು. ಒಳಗೆ ಬಂದವರು ಹೊರಗೆ ಹೋಗುವಾಗ ತಿರುಗುವಂತಿಲ್ಲ. ದೊರೆಯ ಮುಖ ನೋಡುತ್ತಲೇ ಹಿಂದಕ್ಕೆ ಹೆಜ್ಜೆ ಇಡುತ್ತಾ ಬಾಗಿಲು ಹುಡುಕಿಕೊಳ್ಳಬೇಕು. ಕಂಬಕ್ಕೆ ಬಡಿದು ಬಡಿದು ಮಂತ್ರಿಯ ಹಿಂದಲೆಯಲ್ಲಿ ಎದ್ದ ಬೋರೆ ಇಳಿಯುವುದನ್ನೇ ಮರೆತಿತ್ತು.

ಒಂದು ಬೆಳಗ್ಗೆ ದೊರೆ ಬುರುಜು ಹತ್ತಿ ಊರು ನೋಡಿದ. ಹೊಲಕ್ಕೆ ಹೊರಟವರು, ಕೆರೆಗೆ ಹೊರಟವರು, ಕತ್ತೆ, ಎತ್ತು, ಎಲ್ಲರ ಬೆನ್ನೂ ಅವನ ಕಡೆಗೆ.

"ಚಾವಡಿಯಲ್ಲಿರೋ ಮರ್ಯಾದೆ ಬೀದಿಯಲ್ಲಿ ಯಾಕಿಲ್ಲ?" ಎಂದವನೇ ಡಂಗುರ ಹೊಡೆಸಿದ. ಕೋಟೆಯಿಂದ ಆಚೆ ಹೋಗುವವರೆಲ್ಲ ಕೋಟೆಗೆ ಮುಖ ಮಾಡಿಕೊಂಡು ಹಿಂದಕ್ಕೇ ನಡೆಯಬೇಕು.

ನೀರಿಗೆ ಹೋದವರು ಕೆರೆಗೇ ಬಿದ್ದರು. ಒಂದು ಮದುವೆ ದಿಬ್ಬಣ ಹಿಂದಕ್ಕೆ ನಡೆದು ನಡೆದು ಬೇರೆ ಯಾವುದೋ ಊರು ಸೇರಿ, ಅಲ್ಲಿನ ತಿಥಿ ಊಟ ಮಾಡಿಕೊಂಡು ಬಂತು.

ಸೂಲಗಿತ್ತಿ ದ್ಯಾವೀರಮ್ಮ ಮಾತ್ರ ಹೆರಿಗೆ ಮನೆಗೆ ನೇರವಾಗಿ ಓಡಿದಳು. ಭಟರು ಅಡ್ಡ ಹಾಕಿದಾಗ, "ಅಲ್ಲಿ ಮಗು ತಲೆ ಮುಂದು ಮಾಡ್ಕೊಂಡು ಬರ್ತಾ ಅದೆ, ನಾನು ಅಂಡು ಮುಂದು ಮಾಡ್ಕೊಂಡು ಹೋಗ್ಲೇನ್ರಪ್ಪಾ?" ಅಂದಳು. ಹೆರಿಗೆಯೇನೋ ಮುಗಿಸಿದಳು. ಆಮೇಲೆ ಅವಳನ್ನು ಎಳೆದುಕೊಂಡು ಹೋಗಿ ಸೆರೆಮನೆಗೆ ಹಾಕಿದರು.

ಅವಳ ಸೋದರಳಿಯ ಸಣ್ಣೀರ ದೊರೆಗೆ ಎಲೆಅಡಿಕೆ ಮಡಿಸಿ ಕೊಡುವ ಕೆಲಸದವನು. ನಮ್ಮೂರು ಹುಣಸೆಕಟ್ಟೆಯವನು ಅಂದಮೇಲೆ ಜಾಣ ಅಂತ ಬೇರೆ ಹೇಳಬೇಕಾಗಿಲ್ಲ. ದುರ್ಗದವರು ತಲೆಗೆ ರುಮಾಲು ಸುತ್ತುತ್ತಾರೆ, ನಾವು ತಲೆಯನ್ನು ಬಳಸುತ್ತೇವೆ, ಅಷ್ಟೇ ವ್ಯತ್ಯಾಸ.

"ಬುದ್ಧಿ, ನಮ್ಮತ್ತೇನ ಬಿಟ್ಟುಬಿಡಿ," ಅಂದ ಸಣ್ಣೀರ.

"ಹಿಂದಕ್ಕೆ ನಡೆಯೋದು ಕಲಿಯೋವರೆಗೆ ಒಳಗಿರ್ಲಿ. ಆಗಲ್ಲ, ಬದುಕೋಕಾಗಲ್ಲ ಅಂತ ಎಲ್ಲರದ್ದೂ ಸಬೂಬು."

"ಯಾಕಾಗಲ್ಲ ಬುದ್ಧಿ? ನಮ್ಮೂರಲ್ಲಿ ಒಬ್ಬ ಇದಾನೆ. ಹಿಂದಕ್ಕೆ ಬಿಟ್ಟು ಬೇರೆ ಕಡೆಗೆ ಕಾಲು ಇಟ್ಟವನೇ ಅಲ್ಲ."

"ಅಂಥ ಮಹಾತ್ಮನನ್ನ ಬಚ್ಚಿಟ್ಟಿದ್ದೀಯಲ್ಲೋ. ಕರ್ಕೊಂಡು ಬಾ."

ಸಣ್ಣೀರ ತಂದದ್ದು ಒಂದು ತೆಂಗಿನ ಚಿಪ್ಪು. ಅದರ ತುಂಬ ಸಣ್ಣ ಮರಳು, ಮರಳಲ್ಲಿ ಒಂದು ಬೂದುಬಣ್ಣದ ಹುಳ. ಗೋಡೆ ಬುಡದ ಒಣ ಮಣ್ಣಿನಲ್ಲಿ ಆಲಿಕೆಯಂಥ ಗುಂಡಿ ತೋಡಿ ಕೂರುತ್ತಲ್ಲ, ಅದೇ ಗುಂಡಿಹುಳ. ಕಡ್ಡಿಯಿಂದ ಮುಟ್ಟಿದರೆ ಹಿಂದಕ್ಕೆ ಸರಿಯಿತು. ಮುಂದಕ್ಕೆ ತಳ್ಳಿದರೂ ಹಿಂದಕ್ಕೇ ಬಂತು.

ದೊರೆಯ ಕಣ್ಣು ಒದ್ದೆಯಾಯಿತು. "ಪ್ರಜೆ ಅಂದ್ರೆ ಇವನಪ್ಪಾ. ಇವನು ಹೇಗೆ ಬಾಳ್ತಾನೋ ನನ್ನ ಊರು ಹಾಗೇ ಬಾಳ್ಬೇಕು."

"ನಡಿಗೆ ಒಂದೇನಾ, ಎಲ್ಲ ನೇಮಾನೂನಾ ಬುದ್ಧಿ?"

"ಎಲ್ಲ ನೇಮಾನೂ. ನನ್ನ ನೆಲದಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಡಂಗುರ ಸಾರಿಸು."

"ಊರು ಕಲಿತರೆ ಅತ್ತೇನ ಬಿಡ್ತೀರಾ?"

"ನಾನೇ ಬಂದು ನೋಡ್ತೀನಿ. ಮೆಚ್ಚಿಗೆಯಾದರೆ ಬಿಡ್ತೀನಿ."

ಕೆಲವು ದಿನ ಬಿಟ್ಟು ದೊರೆ ಊರು ನೋಡಲು ಹೊರಟ. ಮುಂದೆ ಭಟರು ಅಪ್ಪಣೆ ಪ್ರಕಾರ ದೊರೆಗೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತಿದ್ದರು. ನಡೆಯುತ್ತಾ ನಡೆಯುತ್ತಾ ಒಬ್ಬೊಬ್ಬರೇ ನೆಲಕ್ಕಿಳಿದು ಮಾಯವಾದರು. ಎಷ್ಟು ತಗ್ಗಿ ನಮಸ್ಕಾರ ಮಾಡುತ್ತಾರೆ ಅಂತ ದೊರೆ ಹಿಗ್ಗಿದ. ನೆಲ ನೋಡಿ ನಡೆಯುವ ಅಭ್ಯಾಸ ಅವನಿಗೆ ಮೊದಲೇ ಇರಲಿಲ್ಲ. ಮುಂದಿನ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಕಾಲ ಕೆಳಗಿನ ಮರಳು ಜರ್ರನೆ ಜಾರಿತು. ದೊರೆ ಗುಂಡಿಯ ತಳದಲ್ಲಿ ಕೂತಿದ್ದ.

ಏರಲು ಹೋದ, ಮರಳು ಜಾರಿತು. ಮತ್ತೆ ಏರಿದ, ಮೇಲಿನಿಂದ ಒಬ್ಬಳು ಮುದುಕಿ ಮೊರದ ತುಂಬ ಮರಳು ಸುರಿದಳು.

"ಯಾವಳೇ ಅವಳು, ದೊರೆ ಮೇಲೆ ಮಣ್ಣು ಹಾಕೋದು?"

ಸಣ್ಣೀರ ಗುಂಡಿಯೊಳಗೆ ಬಗ್ಗಿ ನೋಡಿದ. "ಬಯ್ಯಬೇಡಿ ಬುದ್ಧಿ, ಶ್ರದ್ಧೆಯಿಂದ ಮಾಡ್ತಾ ಇದಾಳೆ. ಹಿಂದಕ್ಕೆ ನಡೆಯೋನು ಬೇಟೆಗೆ ಹೋಗೋಕಾಗುತ್ತಾ? ಅದಕ್ಕೇ ಆ ಹುಳ ಗುಂಡಿ ತೋಡಿ ಕಾಯುತ್ತೆ. ಬಿದ್ದ ಇರುವೆ ಏರೋಕೆ ಹೋದ್ರೆ ಮರಳು ಎರಚುತ್ತೆ. ಊರಿಗೂ ಹೊಲಕ್ಕೆ ಹೋಗೋಕಾಗ್ತಿಲ್ಲ, ಮನೆಮನೆ ಮುಂದೆ ತೋಡ್ಕೊಂಡಿದಾರೆ."

"ಬಿದ್ದದ್ದನ್ನ ಏನು ಮಾಡುತ್ತೆ?"

"ರಸ ಹೀರಿ ಸಿಪ್ಪೆ ಆಚೆ ಎಸೆಯುತ್ತೆ."

ಮುದುಕಿ ಇಣುಕಿ, "ರಸ ಇದ್ದಂಗಿಲ್ಲ ಕಣೋ, ಬರೀ ಸಿಪ್ಪೆ," ಅಂದಳು.

ದೊರೆಗೆ ರೋಷ ಬಂತು. "ನನ್ನ ಮುಟ್ಟಿದವರ ತಲೆ ಉಳಿಯಲ್ಲ. ಅಪ್ಪಣೆ ಅಪ್ಪಣೆಯೇ. ವರ್ಷ ಬೇಕಾದರೂ ಇಲ್ಲೇ ಕೂರ್ತೀನಿ, ಹಿಂದಕ್ಕೆ ತಗೊಳ್ಳಲ್ಲ. ನಿಮ್ಮತ್ತೆ ಅಲ್ಲೇ ಕೊಳೀಲಿ."

"ಚಿತ್ತ. ಹಾಗಾದ್ರೆ ಗುಂಡಿಯಲ್ಲಿ ಕೂತವರ ನೇಮ ನಿಮಗೂ ಬಂತು. ಊಟದ ಯೋಚನೆ ಬೇಡ, ಬೀಳೋ ಇರುವೆ ಬೀಳ್ತಾ ಇರುತ್ವೆ. ಇನ್ನೊಂದೇ ಒಂದು ನೇಮ ಉಳಿದಿದೆ."

"ಅದೇನು?"

"ರೆಕ್ಕೆ ಬಂದು ಹಾರೋವರೆಗೆ ಆ ಹುಳ ಚೊಂಬು ಹಿಡಿಯೋದೇ ಇಲ್ಲ ಬುದ್ಧಿ. ಎಲ್ಲಾ ಹೊಟ್ಟೆಯಲ್ಲೇ ಕಟ್ಟಿಟ್ಕೊಂಡಿರುತ್ತೆ."

ದೊರೆ ಬೆಳಗ್ಗೆ ಹುರುಳಿಸಾರು ಗಡದ್ದಾಗಿ ಉಂಡಿದ್ದ. ಕೂತಲ್ಲೇ ಕಾಲ ಮೇಲೆ ಕಾಲು ಬಿಗಿದ. ಹಣೆ ಬೆವರಿತು.

"ಆ ರೆಕ್ಕೆ ಯಾವಾಗ ಬರುತ್ತೆ?"

"ಕೆಲವಕ್ಕೆ ಎರಡು ಮೂರು ವರ್ಷ ಹಿಡಿಯೋದೂ ಉಂಟು."

"ಅಪ್ಪಣೆ ರದ್ದು," ಅಂದ ದೊರೆ, ತೀರಾ ಮೆಲ್ಲಗೆ. "ನಿಮ್ಮತ್ತೇನ ಬಿಡಿಸು. ಮೊದಲು ಏಣಿ ತಾ."

"ಮೊದಲು ಅತ್ತೆ, ಆಮೇಲೆ ಏಣಿ ಬುದ್ಧಿ. ಏಣಿ ಭಾರ, ಹೊರೋಕೆ ಅವಳ ಕೈ ಬೇಕು."

ದ್ಯಾವೀರಮ್ಮ ಎಷ್ಟು ಬೇಗ ಬಿಡುಗಡೆಯಾಗಿ ಬಂದಳೆಂದರೆ, ದುರ್ಗದ ಇತಿಹಾಸದಲ್ಲೇ ಅಷ್ಟು ಚುರುಕಾಗಿ ಕೆಲಸ ಆಗಿದ್ದಿಲ್ಲ. ಏಣಿ ಇಳಿಯಿತು. ದೊರೆ ಯಾರ ಮುಖವನ್ನೂ ನೋಡದೆ ಕೆರೆಯ ಕಡೆಗೆ ಓಡಿದ.

ಸಂಜೆ ನೆಮ್ಮದಿಯಾದ ಮೇಲೆ ಸಣ್ಣೀರನನ್ನು ಕರೆಸಿ, ನಗು ತಡೆಯಲಾರದೆ ಕೈಯ ಬಂಗಾರದ ಕಡಗ ಬಿಚ್ಚಿ ಕೊಟ್ಟ.

"ಆ ಹುಳಕ್ಕೂ ಏನಾದರೂ ಕೊಡಬೇಕು ಕಣೋ. ಏನು ಕೊಡ್ಲಿ?"

"ಒಂದು ಇರುವೆ ಕೊಡಿ ಸಾಕು ಬುದ್ಧಿ," ಅಂದ ಸಣ್ಣೀರ. "ದೊರೆಗಳು ಅದಕ್ಕೆ ಅರಗಲ್ಲ."