ಅರ್ಧ ಬೆಲೆಯ ಬಾಡು

"ಅಗ್ಗಕ್ಕೆ ಸಿಕ್ಕ ಮಾಂಸವನ್ನು ಕೊಂಡು ಹಸಿದವರಿಗೆ ಬಡಿಸಿದರೆ ತಪ್ಪೇನು, ಗುರುಗಳೇ?" ಎಂದು ಶಿಷ್ಯ ಕೇಳಿದ.

ಹುಣ್ಣಿಮೆಯ ಊಟದ ಹೊಣೆ ಅವನದು. ಗುರುಗಳ ಮನೆಯ ಮುಂದಿನ ಚಪ್ಪರದಲ್ಲಿ ಪ್ರತಿ ಹುಣ್ಣಿಮೆಯ ಮಧ್ಯಾಹ್ನ, ಯಾರೇ ಬಂದು ಕುಳಿತರೂ ಮುದ್ದೆ ಮತ್ತು ಬಾಡಿನ ಸಾರು ಬಡಿಸುವ ರೂಢಿಯಿತ್ತು. ಈ ಸಲ ಒಬ್ಬ ವ್ಯಾಪಾರಿ ಅರ್ಧ ಬೆಲೆಗೆ ಮಾಂಸ ತಂದುಕೊಡುವುದಾಗಿ ಹೇಳಿದ್ದ. ಬೇಡವೆಂದು ಕೆಲವರು ಶಿಷ್ಯನಿಗೆ ಎಚ್ಚರಿಕೆ ಕೊಟ್ಟಿದ್ದರು. ಅವನು ಒಪ್ಪಿಯೂ ಇರಲಿಲ್ಲ, ನಿರಾಕರಿಸಿಯೂ ಇರಲಿಲ್ಲ. ವ್ಯಾಪಾರಿ ಹೊರಗೆ ಬೇವಿನ ಮರದ ಕೆಳಗೆ ಉತ್ತರಕ್ಕಾಗಿ ಕಾಯುತ್ತಿದ್ದ.

ಗುರುಗಳು ಶಿಷ್ಯನಿಗೆ ಕುಳಿತುಕೊಳ್ಳಲು ಹೇಳಿ, ಈ ಕತೆಯನ್ನು ಹೇಳಿದರು.

ಒಬ್ಬ ಕುರಿಗಾರನಿದ್ದ. ಅವನ ಮಂದೆಯಲ್ಲಿ ಅರವತ್ತೆರಡು ಕುರಿಗಳು. ತಂದೆ ಬಿಟ್ಟುಹೋದ ಹನ್ನೊಂದು ಕುರಿಗಳು ಅವನ ಕೈಯಲ್ಲಿ ಅಷ್ಟಾಗಿದ್ದವು. ಅವನಿಗೆ ಹೊಲವಿರಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಮಂದೆಯೇ ಬದುಕು.

ಆ ಮನೆಯಲ್ಲಿ ಒಂದು ಕ್ರಮವಿತ್ತು. ಬೆಳಿಗ್ಗೆ ಮೇವು ಮುಟ್ಟದ ಕುರಿಯನ್ನು ಅಂದೇ ಮಂದೆಯಿಂದ ಬೇರೆ ಮಾಡುವುದು. ಅದಕ್ಕಾಗಿ ದೊಡ್ಡಿಯಿಂದ ಕೂಗಳತೆಯ ದೂರದಲ್ಲಿ ಮುಳ್ಳುಬೇಲಿಯ ಇನ್ನೊಂದು ಸಣ್ಣ ದೊಡ್ಡಿಯಿತ್ತು. ಹೆಂಡತಿ ಅಲ್ಲಿಯೇ ಇದ್ದು, ಆ ಕುರಿಗೆ ಗಂಜಿ ಕುಡಿಸಿ, ಕಷಾಯ ಹಾಕಿ, ಇಪ್ಪತ್ತೊಂದು ದಿನ ನೋಡಿಕೊಳ್ಳುತ್ತಿದ್ದಳು. ಆ ದಿನಗಳಲ್ಲಿ ಅವಳು ಮಂದೆಯ ಹತ್ತಿರ ಸುಳಿಯುತ್ತಿರಲಿಲ್ಲ. ಬದುಕಿದ ಕುರಿ ಮಂದೆಗೆ ಮರಳುತ್ತಿತ್ತು. ಸತ್ತರೆ ಚರ್ಮವನ್ನೂ ಸುಲಿಯದೆ, ಆಳುದ್ದದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳುತ್ತಿದ್ದರು. ವರ್ಷಕ್ಕೆ ಮೂರೋ ನಾಲ್ಕೋ ಕುರಿಗಳು ಹೀಗೆ ಮಣ್ಣಾಗುತ್ತಿದ್ದವು. ಉಳಿದವು ಉಳಿಯುತ್ತಿದ್ದವು.

ಹತ್ತಿರದ ಪೇಟೆಯಲ್ಲಿ ಒಬ್ಬ ಹೆಂಗಸು ಊಟದ ಮನೆ ನಡೆಸುತ್ತಿದ್ದಳು. ತಿಂಗಳಿಗೊಂದು ಟಗರನ್ನು ಅವಳು ಈ ಕುರಿಗಾರನಿಂದಲೇ ಕೊಳ್ಳುತ್ತಿದ್ದಳು. ಆ ಪೇಟೆಯ ವ್ಯಾಪಾರಕ್ಕೆ ಒಂದು ಕಟ್ಟಳೆಯಿತ್ತು. ಕೊಳ್ಳುವವರು ಒಂದು ಹಿಡಿ ಅಗಸೆ ಸೊಪ್ಪನ್ನು ಟಗರಿನ ಮುಂದೆ ಹಿಡಿಯಬೇಕು. ಅದು ತಿಂದರೆ ವ್ಯಾಪಾರ ಮುಗಿದಂತೆ. ಮುಖ ತಿರುಗಿಸಿದರೆ ಕುರಿಗಾರ ಮರುಮಾತಿಲ್ಲದೆ ಅದನ್ನು ಮನೆಗೆ ಹೊಡೆದುಕೊಂಡು ಹೋಗಬೇಕು. ಈ ಕುರಿಗಾರನ ಟಗರು ಒಮ್ಮೆಯೂ ಮುಖ ತಿರುಗಿಸಿರಲಿಲ್ಲ.

ಒಂದು ದಿನ ಒಬ್ಬ ವ್ಯಾಪಾರಿ ಬುಟ್ಟಿಯಲ್ಲಿ ಮಾಂಸ ತಂದು ಊಟದ ಮನೆಯ ಬಾಗಿಲಲ್ಲಿ ಇಳಿಸಿದ. ಅರ್ಧ ಬೆಲೆ ಹೇಳಿದ.

"ಕುರಿ ಎಲ್ಲಪ್ಪ? ನಾನು ಸೊಪ್ಪು ಯಾರಿಗೆ ತಿನ್ನಿಸಲಿ?" ಎಂದು ಅವಳು ಕೇಳಿದಳು.

"ಇಷ್ಟು ಕಡಿಮೆಗೆ ಕೊಡ್ತಿದ್ದೀನಲ್ಲ ಅಕ್ಕ, ನನಗೇ ತಿನ್ನಿಸಿ" ಎಂದು ವ್ಯಾಪಾರಿ ಬಾಯಿ ತೆರೆದು ನಿಂತ.

ಅಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಬುಟ್ಟಿಯನ್ನು ಒಳಗೆ ತೆಗೆದುಕೊಂಡಳು. ಅಂದು ಮಾಂಸ ಚೆನ್ನಾಗಿ ಬೆಂದಿತು. ತಿಂದವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಮುಂದಿನ ವಾರವೂ ಆಗಲಿಲ್ಲ.

ಮೂರನೆಯ ವಾರ ಕುರಿಗಾರ ಟಗರು ತಂದಾಗ ಅವಳು ಹೇಳಿದಳು, "ಇನ್ನು ಮೇಲೆ ಅವನ ಬೆಲೆಗೆ ಕೊಡೋದಾದರೆ ತಾ. ನಿನ್ನ ಟಗರೇನು ಕೇಸರಿ ಮೇಯುತ್ತಾ?"

"ಇಲ್ಲಕ್ಕ, ಹುಲ್ಲೇ ಮೇಯೋದು. ಆದರೆ ಎರಡು ಬೇಸಿಗೆ ಮೇಯುತ್ತೆ."

"ಅದು ನಿನ್ನ ಪಾಡು. ನನ್ನ ಎಲೆಯಲ್ಲಿ ಬೇಸಿಗೆ ಕಾಣಲ್ಲ."

ಅವನು ಟಗರನ್ನು ಮರಳಿ ಹೊಡೆದುಕೊಂಡು ಹೋದ. ಪೇಟೆಯಲ್ಲಿ ಉಳಿದವರೂ ಇದೇ ಮಾತು ಹೇಳಿದರು. ಮಾರಬೇಕಾದ ಟಗರುಗಳು ಮಾರಾಟವಾಗದೆ ಬೆಳೆದವು, ತಿಂದವು. ಎರಡು ತಿಂಗಳ ಬಳಿಕ ಅವನು ಅವರ ಬೆಲೆಗೆ ಒಪ್ಪಿಕೊಂಡ.

ಒಪ್ಪಿಕೊಂಡ ಮೇಲೆ ಎಲ್ಲಿ ಉಳಿಸುವುದೆಂದು ಯೋಚಿಸಿದ. ಮೇವು ಕಡಿಮೆ ಮಾಡಿದರೆ ಟಗರು ಮೈ ತುಂಬುವುದಿಲ್ಲ. ಮಂದೆ ಕಾಯುವುದನ್ನು ಬಿಟ್ಟರೆ ನಾಯಿಗಳ ಪಾಲು. ಬಿಡಬಹುದಾದದ್ದು ಒಂದೇ ಕಂಡಿತು. ಹೆಂಡತಿ ಆ ಸಣ್ಣ ದೊಡ್ಡಿಯನ್ನು ಬಿಟ್ಟು ಕೂಲಿಗೆ ಹೋಗಬೇಕು.

ಅವಳು ಹೇಳಿದಳು, "ಒಂದು ಕುರಿಗೋಸ್ಕರ ನಾನು ಇಪ್ಪತ್ತೊಂದು ದಿನ ಅಲ್ಲಿ ಕೂತಿರ್ತೀನಿ ಅಂದುಕೊಂಡಿದ್ದೀಯಾ? ಉಳಿದ ಅರವತ್ತೊಂದಕ್ಕೋಸ್ಕರ ಕೂತಿರ್ತೀನಿ."

"ಗೊತ್ತು ಕಣೇ. ಆದರೆ ಅವರು ಕೊಡೋ ಬೆಲೆಯಲ್ಲಿ ನಿನ್ನ ಊಟ ಇಲ್ಲ."

ಅವಳು ಮರುದಿನದಿಂದ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋದಳು.

ಆ ವರ್ಷ ಕಳೆಯಿತು. ಮುಂದಿನ ವರ್ಷ ಮಾಗಿಯಲ್ಲಿ ಒಂದು ಮುದಿ ಕುರಿ ಮೇವು ಬಿಟ್ಟಿತು. ಕುರಿಗಾರ ಅದನ್ನು ಕಂಡ. ಬೇರೆ ಕಟ್ಟಿದರೆ ನೋಡುವವರಿಲ್ಲ. ನಾಳೆ ಸರಿಹೋದೀತು ಎಂದುಕೊಂಡು ಮಂದೆಯಲ್ಲೇ ಬಿಟ್ಟ. ನಾಲ್ಕನೆಯ ದಿನ ಒಂಬತ್ತು ಕುರಿಗಳು ಕೆಮ್ಮಿದವು. ಹತ್ತನೆಯ ದಿನ ದೊಡ್ಡಿಯಲ್ಲಿ ಹದಿನಾಲ್ಕು ಹೆಣ ಬಿದ್ದವು. ಅವನು ಅಗಸೆ ಸೊಪ್ಪು ಹಿಡಿದು, ಇನ್ನೂ ನಿಂತಿದ್ದ ಕುರಿಗಳ ಮುಂದೆ ಒಂದೊಂದಾಗಿ ಹೋದ. ಒಂದೂ ಬಾಯಿ ತೆರೆಯಲಿಲ್ಲ.

ಅಂದೇ ಆ ಬುಟ್ಟಿಯ ವ್ಯಾಪಾರಿ ಗಾಡಿ ಹೊಡೆದುಕೊಂಡು ದೊಡ್ಡಿಗೆ ಬಂದ. ಅವನಿಗೆ ಸುದ್ದಿ ಹೇಗೋ ಮುಟ್ಟಿತ್ತು.

"ಬಿದ್ದಿರೋದು ಬೇಡಣ್ಣ. ನಿಂತಿರೋದನ್ನೆಲ್ಲ ಇವತ್ತೇ ಕೊಟ್ಟುಬಿಡು. ನಾಳೆ ಬಂದರೆ ನಾನು ಇಷ್ಟೂ ಕೊಡಲ್ಲ" ಎಂದ.

"ಇದನ್ನ ಯಾರು ತಿಂತಾರೆ?"

"ನಿನ್ನ ಗಿರಾಕಿಗಳೇ."

ಕುರಿಗಾರ ಅವನ ಮುಖ ನೋಡಿದ. "ಹಾಗಾದರೆ ಹೋದ ವರ್ಷ ನೀನು ಬುಟ್ಟೀಲಿ ತರ್ತಿದ್ದದ್ದು?"

"ಹೊಳೆಯಾಚೆ ನಿನ್ನಂಥವನೇ ಒಬ್ಬನಿದ್ದ, ಅವನದು. ಅವನೂ ಹೀಗೇ ಕೇಳಿದ. ಆಮೇಲೆ ಕೊಟ್ಟ."

ಇವನೂ ಕೊಟ್ಟ. ತಂದೆಯ ಕಾಲದಿಂದ ಮರಿಗೆ ಮರಿಯಾಗಿ ಬಂದ ಮಂದೆ ಒಂದೇ ಮಧ್ಯಾಹ್ನದಲ್ಲಿ ಗಾಡಿ ಹತ್ತಿತು. ವ್ಯಾಪಾರಿ ಹೆಣಗಳನ್ನು ಅಲ್ಲೇ ಬಿಟ್ಟುಹೋದ. ಗಂಡ ಹೆಂಡತಿ ಸೇರಿ ಅವುಗಳಿಗೆ ಗುಂಡಿ ತೋಡಿದರು. ಸಂಜೆ ಊಟದ ಮನೆಯಲ್ಲಿ ಮಾಂಸ ಎಂದಿಗಿಂತ ಅಗ್ಗವಾಗಿತ್ತು. ಹೆಂಗಸು ಪ್ರತಿ ಎಲೆಗೂ ಎರಡು ತುಂಡು ಹೆಚ್ಚಾಗಿ ಬಡಿಸಿದಳು.

ಆ ಮೇಲೆ ಬುಟ್ಟಿ ಬರುವುದು ಕಡಿಮೆಯಾಯಿತು. ಸುತ್ತಿನ ಹಳ್ಳಿಗಳಲ್ಲಿ ವ್ಯಾಪಾರಿ ಕೊಳ್ಳಬಹುದಾದ ಮಂದೆಗಳು ಮುಗಿದಿದ್ದವು. ಕೊನೆಗೊಂದು ದಿನ ಅವನು ಮೊದಲಿನ ಪೂರ್ತಿ ಬೆಲೆಗಿಂತಲೂ ಹೆಚ್ಚು ಕೇಳಿದ. ಹೆಂಗಸು ಜಗಳವಾಡಿ ಅವನನ್ನು ಕಳಿಸಿ, ತಾನೇ ಕುರಿಗಾರನನ್ನು ಹುಡುಕಿಕೊಂಡು ಹೊರಟಳು. ಮನೆಯಲ್ಲಿ ಅವನಿರಲಿಲ್ಲ. ಇಟ್ಟಿಗೆ ಗೂಡಿನಲ್ಲಿ ಹೆಂಡತಿಯ ಪಕ್ಕದಲ್ಲಿ ಮಣ್ಣು ತುಳಿಯುತ್ತಿದ್ದ.

"ನೀನು ಗೆದ್ದೆ ಕಣಣ್ಣ. ನಿನ್ನ ಹಳೇ ಬೆಲೆ ಕೊಡ್ತೀನಿ. ನಾಳೆಗೊಂದು ಟಗರು ಹೊಡ್ಕೊಂಡು ಬಾ."

ಅವನು ತುಳಿಯುವುದನ್ನು ನಿಲ್ಲಿಸಲಿಲ್ಲ. "ಕುರಿ ಇಲ್ಲಕ್ಕ."

"ಮುಂಗಡ ಕೊಡ್ತೀನಿ, ಮತ್ತೆ ಕುರಿ ಸಾಕು. ಬೇಕಾದರೆ ಎರಡು ಬೇಸಿಗೆ ಕಾಯ್ತೀನಿ."

"ದುಡ್ಡು ಮರಿ ಹಾಕಲ್ಲಕ್ಕ. ಅದಕ್ಕೆ ಒಂದು ಹೆಣ್ಣು ಕುರಿಯಾದರೂ ಉಳಿದಿರಬೇಕಿತ್ತು. ಸುತ್ತ ಹತ್ತೂರಲ್ಲಿ ಯಾರ ಹತ್ತಿರಾನೂ ಉಳಿದಿಲ್ಲ."

"ನಾನು ಕೇಳಿದೆ ಅಂತ ನೀನು ಆ ಬೆಲೆಗೆ ಒಪ್ಪಬಾರದಿತ್ತು" ಎಂದು ಹೇಳಿ ಅವಳು ಹಿಂದಿರುಗಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಅವನು ಹೇಳಿದ, "ಆ ಹೆಂಗಸು ಕೊಂಡದ್ದು ತನ್ನ ಲಾಭಕ್ಕೆ. ನನ್ನದು ಹಾಗಲ್ಲ. ನಮ್ಮ ಸಾಲಿನಲ್ಲಿ ತಿಂಗಳಿಂದ ತಿಂಗಳಿಗೆ ಜನ ಹೆಚ್ಚುತ್ತಿದ್ದಾರೆ. ಹೋದ ಹುಣ್ಣಿಮೆಗೆ ಅರ್ಧದಷ್ಟು ಜನ ಹೊಸಬರು. ಪೂರ್ತಿ ಬೆಲೆ ಕೊಟ್ಟರೆ ಅವರನ್ನು ಬರಿಹೊಟ್ಟೆಯಲ್ಲಿ ಎಬ್ಬಿಸಿ ಕಳಿಸಬೇಕು. ನೀವೇ ಹೇಳಿ, ಅವರಿಗೆ ಇಲ್ಲವೆನ್ನಲೇ?"

ಗುರುಗಳು ಹೇಳಿದರು, "ಇಲ್ಲವೆನ್ನಬೇಡ, ಬಡಿಸುವಾಗ ಆ ಹೊಸಬರನ್ನು ಒಂದು ಮಾತು ಕೇಳು, ಇಲ್ಲಿ ಬಂದು ಕೂರುವ ಮೊದಲು ಅವರು ಏನು ಸಾಕುತ್ತಿದ್ದರೆಂದು."