ಕಳಿಯದ ಗೊಬ್ಬರ

ಒಂದಾನೊಂದು ಕಾಲದಲ್ಲಿ, ಮಗಾ, ಒಂದು ಕೆರೆ ಕೆಳಗೆ ಅಣ್ಣ-ತಂಗಿ ಭತ್ತ ಬೆಳ್ಕೊಂಡಿದ್ರಂತೆ. ಮೇಲಿನ ಗದ್ದೆ ಅಣ್ಣ ಕೆಂಚಣ್ಣಂದು, ಕೆಳಗಿನ ತುಂಡು ಗದ್ದೆ ತಂಗಿ ಚೆಲುವಿದು. ಗಂಡ ಸತ್ತೋಳು, ಆ ತುಂಡೇ ಅವಳ ಅನ್ನ. ಅಣ್ಣನ ಗದ್ದೆ ತುಂಬಿ ಹರಿದ ನೀರೇ ಅವಳಿಗೆ, ಅವಳ ಗದ್ದೆ ದಾಟಿದ್ದು ದನಕ್ಕೂ ಜನಕ್ಕೂ ಆಗೋ ಊರ ಕಟ್ಟೆಗೆ.

ಒಂದು ವರ್ಷ ಕೆಂಚಣ್ಣಂಗೆ ಆಸೆ ಹತ್ತಿತಂತೆ, ಊರಿಗೆಲ್ಲ ನನ್ನ ಭತ್ತವೇ ಮುಂದಾಗಬೇಕು ಅಂತ. ತಿಪ್ಪೇಲಿ ಗೊಬ್ಬರ ಕಳಿಯೋಕೆ ವರ್ಷ ಬೇಕು, ಅವನಿಗೆಲ್ಲಿ ತಾಳ್ಮೆ? ನಿಂತ ನೀರಿಗೇ ಹಸಿ ಸೆಗಣಿ ಹಾಕಿಸ್ದ. ಚೆಲುವಿ ಬದುವಿನ ಮೇಲೆ ನಿಂತು, ಅಣ್ಣಾ, ಕಳೀಲಿ ಬಿಡು, ಹಸೀದು ಬೇರು ಸುಡ್ತದೆ ಅಂದ್ಲಂತೆ. ಸೆಗಣಿ ಅಂದ್ರೆ ಲಕ್ಷ್ಮಿ ಕಣೆ, ಲಕ್ಷ್ಮಿ ಎಲ್ಲಾದ್ರೂ ಕೇಡು ಮಾಡ್ತಾಳಾ, ನಿಂಗೂ ಪುಕ್ಕಟೆ ಹರಿದು ಬರ್ತದೆ ಸುಮ್ನಿರು ಅಂದ್ನಂತೆ. ಆಮೇಲೆ ಹೊಂಗೆ ಸೊಪ್ಪು ತುಳಿಸ್ದ. ಆಮೇಲೆ ಗಾಡಿಗಟ್ಟಲೆ ಕೋಳಿ ಗೊಬ್ಬರ ಸುರಿಸ್ದ. ಅತಿಯಾಸೆ ಗತಿಗೇಡು, ಗದ್ದೆ ಅಂಬಲಿ ಕುದ್ದಂಗೆ ಗುಳುಗುಳು ಅಂತು, ನಾತ ಹೊಡೀತು, ಪೈರು ಹಳದಿ ಆಯ್ತು. ಹೆದರ್ಕೊಂಡು, ಯಾರಿಗೂ ಹೇಳ್ದೆ, ಬದು ಕಡಿದು ಆ ಕಪ್ಪು ನೀರನ್ನೆಲ್ಲ ತಂಗಿ ಗದ್ದೆಗೆ ಬಿಟ್ಟುಬಿಟ್ಟನಂತೆ.

ಚೆಲುವಿ ಪೈರು ಕೊಳೆತುಹೋಯ್ತು. ಕಪ್ಪೆ, ಏಡಿ ಸತ್ತು ತೇಲಿದ್ವು. ಆಮೇಲೆ ಆ ನೀರು ಕಟ್ಟೆಗಿಳಿದು ಮೀನೂ ಸತ್ವು. ಊರು ಸೇರ್ತು. ಕಟ್ಟೆಗೆ ಬಂದಿದ್ದು ಚೆಲುವಿ ಗದ್ದೆ ನೀರು ತಾನೆ, ಇವಳದೇ ತಪ್ಪು ಅಂತು. ಅವಳು ಅಣ್ಣನ ಮುಖ ನೋಡಿದ್ಲು. ಅವನೇ ಹೇಳ್ತಾನೆ ಅನ್ನೋ ನಂಬಿಕೆ, ಪಾಪ. ಊರಗೌಡ ಕೇಳ್ದ, ಕೆಂಚಣ್ಣ, ನಿಂಗೇನಾದ್ರೂ ಗೊತ್ತಾ? ನೆಲ ನೋಡ್ದ. ಎರಡನೇ ಸಲ ಕೇಳ್ದ. ತಲೆ ಕೆರ್ಕೊಂಡ. ಮೂರನೇ ಸಲ ಕೇಳ್ದಾಗ, ಹೆಂಗಸು, ಗೊಬ್ಬರದ ಹದ ಗೊತ್ತಾಗಲಿಲ್ವೇನೋ ಅಂದ್ನಂತೆ! ಅವನ ಬಾಯಿಗೆ ಹುಳ ಬೀಳ! ಆಮೇಲೆ ಅವಳು ಎಷ್ಟು ಬಡ್ಕೊಂಡ್ರೂ ಯಾರೂ ಕೇಳಲಿಲ್ಲ, ಕಟ್ಟೆ ನೀರು ಮುಟ್ಟಬೇಡ ಅಂದ್ಬಿಟ್ರಂತೆ.

ಕೆಟ್ಟ ನೀರು ಇಳಿದುಹೋದ್ಮೇಲೆ ಮೇಲಿನ ಗದ್ದೇಲಿ ಉಳಿದ ಗೊಬ್ಬರ ಕಳಿತು, ಕೆಂಚಣ್ಣನ ಭತ್ತ ಸೊಂಟದುದ್ದ ಬಂತಂತೆ. ಸುಗ್ಗಿ ಆದ್ಮೇಲೆ ಅವನು ಹೊಸ ಅಕ್ಕಿ ಮೂಟೆ ಹೊತ್ಕೊಂಡು ತಂಗಿ ಬಾಗ್ಲಿಗೆ ಬಂದ. ಬೇಡ ಅನ್ನೋಕೆ ಆಗ್ಲಿಲ್ಲ, ಅವಳ ಒಲೆ ಉರಿದು ಎರಡು ದಿನ ಆಗಿತ್ತು, ಮಗಾ. ಮೂಟೆ ಇಳಿಸ್ಕೊಂಡ್ಲು, ಚಾಪೆ ಹಾಸಿದ್ಲು, ಒಂದು ಚೊಂಬು ನೀರು ಕೊಟ್ಲು. ಕುಡೀರಿ, ಯಜಮಾನ್ರೆ, ಅಂದ್ಲಂತೆ.

ಮಾರನೇ ವರ್ಷ ಕಟ್ಟೆ ತಿಳಿಯಾಯ್ತು, ಮೀನು ಬಂದ್ವು, ಊರೋರೆಲ್ಲ ಸುಖವಾಗಿದ್ರು. ಕೆಂಚಣ್ಣ ಮಾತ್ರ ಒಂದ್ಸಲ ಅಣ್ಣಾ ಅನ್ನಿಸ್ಕೊಳ್ಳೋಕೆ ಸಾಯೋವರೆಗೂ ಕಾದ್ಕೊಂಡೇ ಇದ್ನಂತೆ. ಇಷ್ಟೇ ಕಣೋ ಕತೆ, ಮುಗೀತು. ಕಣ್ಮುಚ್ಕೋ.